ಫೋಟೊದಲ್ಲಿ ಕಾಣದ ಹುಡುಗರು

ಕಾಸರಗೋಡು ಜಿಲ್ಲೆಯ ಪಡ್ರೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಮಾಡಿದ ಹಾನಿಯ ಚಿತ್ರಗಳನ್ನು ಜಗತ್ತೇ ನೋಡಿದೆ. ಅದೇ ಊರಿನ ಗಂಡುಮಕ್ಕಳ ಮೈಯೊಳಗೆ ಸದ್ದಿಲ್ಲದೆ ನಡೆದ ಇನ್ನೊಂದು ಹಾನಿ ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ. ಅದನ್ನು ಅಳೆದು ಬರೆದಿಟ್ಟವರಲ್ಲಿ ಮಂಗಳೂರಿನ ವೈದ್ಯರೂ ಇದ್ದರು.

ಕಾಸರಗೋಡು ಕಡೆಯಿಂದ ಬೆಳಿಗ್ಗೆ ಮಂಗಳೂರು ಸೆಂಟ್ರಲ್‌ಗೆ ಬಂದು ನಿಲ್ಲುವ ರೈಲಿನಿಂದ ಇಳಿಯುವವರಲ್ಲಿ ಕೆಲವರು ಕಾಲೇಜಿನವರು, ಕೆಲವರು ಕೆಲಸದವರು, ಉಳಿದವರು ಆಸ್ಪತ್ರೆಗೆ ಹೊರಟವರು. ಕೈಯಲ್ಲಿ ಸ್ಕ್ಯಾನಿಂಗ್ ಕವರು, ಹಳೆಯ ಚೀಟಿಗಳ ಕಟ್ಟು. ಸ್ಟೇಷನ್ನಿನಿಂದ ಅತ್ತಾವರಕ್ಕೆ ನಡೆದೇ ಹೋಗಬಹುದು. ಕೆಎಂಸಿ ಆಸ್ಪತ್ರೆ ಇರುವುದು ಅಲ್ಲಿ. ಅದರ ಸುತ್ತ ಲ್ಯಾಬು, ಮೆಡಿಕಲ್ ಶಾಪು, ರೋಗಿಯ ಕಡೆಯವರು ಊಟ ಮಾಡುವ ಹೋಟೆಲು. ಗಡಿಯಾಚೆಯ ಜನ ಈ ಊರನ್ನು ಎಷ್ಟು ನೆಚ್ಚಿಕೊಂಡಿದ್ದಾರೆಂಬುದು 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಎರಡೂ ರಾಜ್ಯಗಳಿಗೆ ಅರ್ಥವಾಯಿತು. ರೋಗಿಗಳನ್ನು ತಡೆದ ವಿಷಯ ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಯಿತು.

ಇದೇ ದಾರಿಯಲ್ಲಿ ಒಮ್ಮೆ ವೈದ್ಯರೇ ಎದುರು ದಿಕ್ಕಿಗೆ ಹೊರಟಿದ್ದರು. 2001ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಳಿದ್ದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅಹಮದಾಬಾದಿನ ತನ್ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯನ್ನು ಪಡ್ರೆಗೆ ಕಳಿಸಿತು. ಹಬೀಬುಲ್ಲಾ ಸೈಯದ್, ಅರುಣಾ ದಿವಾನ್ ಮುಂತಾದವರು ಗುಜರಾತಿನಿಂದ ಬಂದರು, ಬೆಂಗಳೂರಿನ ಪ್ರಾದೇಶಿಕ ಕೇಂದ್ರದವರು ಜೊತೆಯಾದರು. ಮಂಗಳೂರಿನ ಕಸ್ತೂರಬಾ ಮೆಡಿಕಲ್ ಕಾಲೇಜಿನಿಂದ, ಅಂದರೆ ಕೆಎಂಸಿಯಿಂದ, ಉದ್ಯಾವರ ಶೆಣೈ, ರತಿಕಾ ಶೆಣೈ ಸೇರಿಕೊಂಡರು. ಎರಡು ವರ್ಷದ ಮೇಲೆ, 2003ರ ಡಿಸೆಂಬರ್‌ನಲ್ಲಿ, ಅಮೆರಿಕದ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಪತ್ರಿಕೆಯಲ್ಲಿ ಇವರ ಐದು ಪುಟದ ಪ್ರಬಂಧ ಬಂತು. ವಿಷಯ: ಗಂಡುಮಕ್ಕಳ ಜನನಾಂಗದ ಬೆಳವಣಿಗೆಯ ಮೇಲೆ ಎಂಡೋಸಲ್ಫಾನಿನ ಪರಿಣಾಮ.

ಎಂಡೋಸಲ್ಫಾನ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ದೊಡ್ಡ ತಲೆಯ ಮಗು, ತಿರುಚಿದ ಕೈಕಾಲು, ಹಾಸಿಗೆ ಬಿಟ್ಟೇಳದ ಮಗನ ಪಕ್ಕದಲ್ಲಿ ಕೂತ ಅಮ್ಮ. ಆ ಚಿತ್ರಗಳು ಸುಳ್ಳಲ್ಲ, ಅವು ಇಲ್ಲದಿದ್ದರೆ ದಿಲ್ಲಿಯ ಕಿವಿ ತೆರೆಯುತ್ತಲೂ ಇರಲಿಲ್ಲ. ಆದರೆ ಈ ಐದು ಪುಟಗಳು ಹೇಳುವುದು ಶಾಲೆಗೆ ಹೋಗುತ್ತಿದ್ದ, ಆಡುತ್ತಿದ್ದ, ನೋಡಿದರೆ ಏನೂ ಆಗಿಲ್ಲವೆನಿಸುವ ಹುಡುಗರ ಕಥೆಯನ್ನು. ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರಿಗೂ ಇದು ಅಷ್ಟಾಗಿ ಗೊತ್ತಿಲ್ಲ.

ಗುಡ್ಡದ ತಲೆಯಲ್ಲಿ ಗೇರು, ಬುಡದಲ್ಲಿ ಮನೆ

ಪಡ್ರೆ ಎಣ್ಮಕಜೆ ಪಂಚಾಯತಿನ ಊರು. ಪೆರ್ಲ ದಾಟಿ ಒಳಗೆ ಹೋದರೆ ಕರ್ನಾಟಕದ ಗಡಿ ಹತ್ತಿರವೇ. ಕನ್ನಡ, ತುಳು, ಮಲಯಾಳ ಎಲ್ಲ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಸುತ್ತವೆ. ಅಲ್ಲಿನ ಒಂದು ಪುಟ್ಟ ಪೇಟೆಗೆ ಸ್ವರ್ಗ ಎಂದು ಹೆಸರು. ಈ ಊರಿಗೆ ಬಂದ ಪತ್ರಕರ್ತರು ಯಾರೂ ಆ ಹೆಸರಿನ ಮೇಲೆ ಒಂದು ವಾಕ್ಯ ಬರೆಯದೆ ಹೋಗಿಲ್ಲ, ಹಾಗಾಗಿ ನಾನು ಬರೆಯುವುದಿಲ್ಲ.

ಕಥೆ ತಿಳಿಯಬೇಕಾದರೆ ನೆಲದ ಏರಿಳಿತ ತಿಳಿಯಬೇಕು. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಬೈಲು. ಬೈಲಿನಲ್ಲಿ ಅಡಿಕೆ ತೋಟ, ತೋಟದ ಬದಿಯಲ್ಲಿ ಮನೆ. ಕುಡಿಯಲಿಕ್ಕೂ ತೋಟಕ್ಕೂ ನೀರು ಬಾವಿಯಿಂದ, ತೋಡಿನಿಂದ, ಇಲ್ಲವೇ ಸುರಂಗದಿಂದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದ ಈ ಸುರಂಗಗಳು ಗುಡ್ಡದಲ್ಲಿ ಇಂಗಿದ ಮಳೆನೀರನ್ನು ಪಂಪಿಲ್ಲದೆ ಅಂಗಳಕ್ಕೆ ಇಳಿಸುತ್ತವೆ. ಅಂದರೆ ಗುಡ್ಡದ ಮೇಲೆ ಏನು ಬೀಳುತ್ತದೋ ಅದು ಒಂದಲ್ಲ ಒಂದು ದಿನ ಕೆಳಗಿನ ಮನೆಯ ಬಿಂದಿಗೆಗೆ ಬರಬೇಕು.

ಗುಡ್ಡದ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ. ಕಾಸರಗೋಡು ಜಿಲ್ಲೆಯುದ್ದಕ್ಕೂ ಹರಡಿದ ಇಂಥ ತೋಟಗಳ ಒಟ್ಟು ವಿಸ್ತಾರ ಸುಮಾರು 4,600 ಹೆಕ್ಟೇರ್. ಗೇರಿಗೆ ದೊಡ್ಡ ಶತ್ರು ಟೀ ಸೊಳ್ಳೆ. ಚಿಗುರನ್ನೂ ಹೂವಿನ ತೆನೆಯನ್ನೂ ಹೀರಿ ಒಣಗಿಸಿಬಿಡುವ ಕೀಟ. ಅದನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರ್‌ವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮದ್ದು ಬಿಡುವ ಮುಂಚೆ ಬಾವಿ ಮುಚ್ಚಿ, ದನ ಹೊರಗೆ ಬಿಡಬೇಡಿ ಎಂದು ಹೇಳಬೇಕೆಂಬ ನಿಯಮವೇನೋ ಇತ್ತು. ಸುರಂಗಕ್ಕೆ ಮುಚ್ಚಳ ಎಲ್ಲಿಂದ ತರುವುದು? ತೋಡಿಗೆ?

ಮೊದಲು ಗಮನಕ್ಕೆ ಬಂದದ್ದು ದನಗಳಲ್ಲಿ. 1979ರ ಹೊತ್ತಿಗೆ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಇದನ್ನು ಗೇರು ತೋಟದ ಮದ್ದಿಗೆ ಜೋಡಿಸಿ 1981ರಲ್ಲೇ ಬರೆದರು. ಕೇಳಿದವರಿಲ್ಲ. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಮನೆಗಳ ಕಾಯಿಲೆಗಳಲ್ಲಿ ಒಂದು ಸಾಲು ಕಂಡು ಬರೆದಿಡತೊಡಗಿದರು. ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಅಂಗವೈಕಲ್ಯ, ಎಲ್ಲವೂ ಗುಡ್ಡದ ತಪ್ಪಲಿನ ಕೆಲವೇ ಮನೆಗಳಲ್ಲಿ ಗುಂಪಾಗಿ. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆ ತಂದರು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2001ರಲ್ಲಿ ಪಡ್ರೆಯ ನೀರು, ಮಣ್ಣು, ರಕ್ತವನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದರು. ಅಹಮದಾಬಾದಿನ ತಂಡ ಬಂದದ್ದು ಇದರ ಬೆನ್ನಿಗೆ.

ಆಗ ಎಲ್ಲರ ಗಮನ ಕಣ್ಣಿಗೆ ಕಾಣುವ ವೈಕಲ್ಯಗಳ ಮೇಲಿತ್ತು. ಗಂಡುಮಕ್ಕಳ ವೃಷಣ, ಹಾರ್ಮೋನ್ ನೋಡಬೇಕೆಂದು ಈ ವೈದ್ಯರಿಗೆ ಹೊಳೆದದ್ದು ಹೇಗೆ? ಉತ್ತರ ಇಲಿಗಳಲ್ಲಿತ್ತು. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದವರು ಗರ್ಭಿಣಿ ಇಲಿಗಳಿಗೆ ಎಂಡೋಸಲ್ಫಾನ್ ಕೊಟ್ಟು, ಹುಟ್ಟಿದ ಗಂಡುಮರಿಗಳು ದೊಡ್ಡವಾದ ಮೇಲೆ ಅವುಗಳ ವೀರ್ಯಾಣು ಉತ್ಪಾದನೆ ಕುಗ್ಗಿದ್ದನ್ನು ತೋರಿಸಿದ್ದರು. ಮರಿಗೆ ನೇರವಾಗಿ ಮದ್ದು ತಾಗಿರಲಿಲ್ಲ, ತಾಗಿದ್ದು ತಾಯಿಗೆ.

ಎಂಟರಿಂದ ಹದಿನಾಲ್ಕನೆಯ ವಾರ

ಗರ್ಭದ ಮೊದಲ ಆರು ವಾರ ಗಂಡು ಹೆಣ್ಣು ಎಂಬ ಭೇದ ಮೈಯಲ್ಲಿ ಕಾಣುವುದಿಲ್ಲ. ವರ್ಣತಂತುವಿನಲ್ಲಿ ತೀರ್ಮಾನ ಆಗಿಹೋಗಿದ್ದರೂ ಭ್ರೂಣದಲ್ಲಿ ಎರಡೂ ಬಗೆಯ ನಾಳಗಳು ಇರುತ್ತವೆ, ಎರಡಕ್ಕೂ ತಯಾರಾದ ಒಂದೇ ಬಗೆಯ ಮೊಳಕೆ ಇರುತ್ತದೆ. ಆರು, ಏಳನೆಯ ವಾರದಲ್ಲಿ ವೈ ವರ್ಣತಂತುವಿನ ಮೇಲಿನ ಎಸ್‌ಆರ್‌ವೈ ಎಂಬ ಜೀನ್ ಆ ಮೊಳಕೆಯನ್ನು ವೃಷಣದತ್ತ ತಿರುಗಿಸುತ್ತದೆ. ಅಲ್ಲಿಂದ ಮುಂದಿನದೆಲ್ಲ ಹಾರ್ಮೋನಿನ ಕೆಲಸ. ವೃಷಣದ ಸೆರ್ಟೋಲಿ ಜೀವಕೋಶಗಳು ಒಂದು ಹಾರ್ಮೋನ್ ಸುರಿಸಿ, ಗರ್ಭಕೋಶ ಆಗಬೇಕಿದ್ದ ನಾಳವನ್ನು ಕರಗಿಸುತ್ತವೆ. ಲೈಡಿಗ್ ಜೀವಕೋಶಗಳು ಎಂಟನೆಯ ವಾರದ ಸುಮಾರಿಗೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಶುರುಮಾಡುತ್ತವೆ. ಅದರಿಂದ ವೀರ್ಯನಾಳ, ಅದರ ಇನ್ನೊಂದು ಪ್ರಬಲ ರೂಪದಿಂದ ಶಿಶ್ನ ಮತ್ತು ವೃಷಣಚೀಲ. ವೃಷಣ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಅಲ್ಲಿಂದ ಅದು ಎರಡು ಹಂತದಲ್ಲಿ ಕೆಳಗಿಳಿಯಬೇಕು. ಮೊದಲ ಹಂತ ಹದಿನೈದನೆಯ ವಾರದೊಳಗೆ, ಎರಡನೆಯದು ಟೆಸ್ಟೋಸ್ಟೆರಾನಿನ ಬಲದಲ್ಲಿ ಕೊನೆಯ ಮೂರು ತಿಂಗಳಲ್ಲಿ.

2008ರಲ್ಲಿ ಎಡಿನ್‌ಬರೋದ ಮಿಶೆಲ್ ವೆಲ್ಶ್, ರಿಚರ್ಡ್ ಶಾರ್ಪ್ ಮತ್ತು ಸಂಗಡಿಗರು ಇಲಿಗಳಲ್ಲಿ ಒಂದು ಸೂಕ್ಷ್ಮ ವಿಷಯ ಹಿಡಿದರು. ಅಂಗಗಳು ಕಣ್ಣಿಗೆ ಕಾಣುವಂತೆ ರೂಪುಗೊಳ್ಳುವುದಕ್ಕೆ ಮುಂಚೆಯೇ ಕೆಲವು ದಿನಗಳ ಒಂದು ಕಿರು ಅವಧಿ ಇದೆ. ಆ ಅವಧಿಯಲ್ಲಿ ಗಂಡು ಹಾರ್ಮೋನಿಗೆ ಅಡ್ಡಿಯಾದರೆ ಮುಂದೆ ಎಷ್ಟೇ ಹಾರ್ಮೋನ್ ಸಿಕ್ಕರೂ ನಷ್ಟ ತುಂಬುವುದಿಲ್ಲ. ಮನುಷ್ಯರಲ್ಲಿ ಆ ಅವಧಿ ಸುಮಾರು ಎಂಟರಿಂದ ಹದಿನಾಲ್ಕನೆಯ ವಾರ ಎಂದು ಲೆಕ್ಕ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಬರೆದುಕೊಡುವ ಹೊತ್ತಿಗೆ ಈ ಅವಧಿ ಆಗಲೇ ಶುರುವಾಗಿರುತ್ತದೆ.

ರಾಸಾಯನಿಕ ಇಲ್ಲಿ ವಿಷದಂತೆ ವರ್ತಿಸಬೇಕಾಗಿಲ್ಲ. ತಾಯಿಗೆ ವಾಂತಿ ಇಲ್ಲ, ತಲೆಸುತ್ತಿಲ್ಲ, ಗರ್ಭಪಾತವೂ ಇಲ್ಲ. ಕೆಲವು ರಾಸಾಯನಿಕಗಳು ಟೆಸ್ಟೋಸ್ಟೆರಾನ್ ಕೂರಬೇಕಾದ ಜಾಗದಲ್ಲಿ ತಾವು ಕೂತುಬಿಡುತ್ತವೆ. ಡಿಡಿಟಿ ಒಡೆದು ಉಂಟಾಗುವ ಡಿಡಿಇ, ವಿನ್‌ಕ್ಲೊಝೊಲಿನ್ ಎಂಬ ಶಿಲೀಂಧ್ರನಾಶಕ ಈ ಜಾತಿಯವು. ಪ್ಲಾಸ್ಟಿಕ್ ಮೆದುಗೊಳಿಸುವ ಕೆಲವು ಥಾಲೇಟುಗಳು ಭ್ರೂಣದ ವೃಷಣ ಟೆಸ್ಟೋಸ್ಟೆರಾನ್ ತಯಾರಿಸುವುದನ್ನೇ ಕಡಿಮೆ ಮಾಡುತ್ತವೆ. ಇನ್ನು ಕೆಲವು ಹೆಣ್ಣು ಹಾರ್ಮೋನಿನ ವೇಷ ಹಾಕುತ್ತವೆ. ಎಂಡೋಸಲ್ಫಾನಿಗೂ ಪ್ರಯೋಗಾಲಯದಲ್ಲಿ ದುರ್ಬಲವಾಗಿ ಈ ಗುಣ ಕಂಡಿದೆ. ಇಂಥವನ್ನೆಲ್ಲ ಒಂದೇ ಹೆಸರಿನಡಿ ತಂದದ್ದು 1991ರಲ್ಲಿ ಅಮೆರಿಕದ ವಿಂಗ್‌ಸ್ಪ್ರೆಡ್ ಎಂಬಲ್ಲಿ ಥಿಯೊ ಕಾಲ್ಬಾರ್ನ್ ಕರೆದಿದ್ದ ವಿಜ್ಞಾನಿಗಳ ಸಭೆ. ಹಾರ್ಮೋನು ಕೆಡಿಸುವ ರಾಸಾಯನಿಕಗಳು ಎಂಬ ಮಾತು ಅಲ್ಲಿಂದ ಚಾಲ್ತಿಗೆ ಬಂತು.

117 ಮತ್ತು 90

ಪಡ್ರೆಯ ಅಧ್ಯಯನದಲ್ಲಿ 10ರಿಂದ 19 ವಯಸ್ಸಿನ 117 ಶಾಲಾ ಹುಡುಗರಿದ್ದರು. ಹೋಲಿಸಿ ನೋಡಲು, ಸುಮಾರು 20 ಕಿಲೋಮೀಟರ್ ಆಚೆ, ಹೆಲಿಕಾಪ್ಟರ್ ಬಾರದ ಮೀಂಜ ಪಂಚಾಯತಿನ ಕಡೆಯ 90 ಹುಡುಗರು. ವಯಸ್ಸಿನ ಲೆಕ್ಕ ಹಿಡಿದರೆ ಇವರೆಲ್ಲ ಹುಟ್ಟಿದ್ದು 1980ರ ದಶಕ ಮತ್ತು ಅದರ ಆಚೀಚೆ. ಪಡ್ರೆಯ ಪ್ರತಿ ಹುಡುಗನ ತಾಯಿಯೂ ಬಸಿರಿಯಾಗಿದ್ದದ್ದು ಮದ್ದು ಬಿಡುತ್ತಿದ್ದ ವರ್ಷಗಳಲ್ಲೇ.

ವೈದ್ಯರು ಪ್ರತಿಯೊಬ್ಬ ಹುಡುಗನ ಮೈ ಪರೀಕ್ಷಿಸಿ ಪ್ರೌಢತೆಯ ಹಂತ ಗುರುತಿಸಿದರು. ಅದಕ್ಕೆ ಬಳಸಿದ್ದು ಬ್ರಿಟನ್ನಿನ ಟ್ಯಾನರ್ ಎಂಬ ವೈದ್ಯರ ಐದು ಹಂತದ ಅಳತೆ. ಕೂದಲು ಎಷ್ಟು ಬಂದಿದೆ, ವೃಷಣ ಎಷ್ಟು ಬೆಳೆದಿದೆ, ಶಿಶ್ನ ಎಷ್ಟು ಬೆಳೆದಿದೆ, ಪ್ರತಿಯೊಂದಕ್ಕೂ ಒಂದು ಅಂಕ. ಪಡ್ರೆಯ 70, ಮೀಂಜ ಕಡೆಯ 47 ಹುಡುಗರ ರಕ್ತದಲ್ಲಿ ಹಾರ್ಮೋನುಗಳನ್ನೂ ಎಂಡೋಸಲ್ಫಾನನ್ನೂ ಅಳೆದರು.

ಎಂಡೋಸಲ್ಫಾನಿನ ಅಂಶ ಪಡ್ರೆಯ ನೂರಕ್ಕೆ 78 ಹುಡುಗರ ರಕ್ತದಲ್ಲಿ ಸಿಕ್ಕಿತು. ಕೊನೆಯ ಸಲ ಮದ್ದು ಬಿಟ್ಟು ಸುಮಾರು ಹತ್ತು ತಿಂಗಳಾಗಿದ್ದರೂ ಸರಾಸರಿ ಪ್ರಮಾಣ ನೂರು ಕೋಟಿಗೆ 7.47 ಪಾಲು. ಮೀಂಜ ಕಡೆಯಲ್ಲಿ 1.37. ಗಮನಿಸಿ, ಅಲ್ಲಿಯೂ ನೂರಕ್ಕೆ 29 ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತಿದ್ದ ಮದ್ದು ಅದು, ತರಕಾರಿಗೂ ಭತ್ತಕ್ಕೂ ಹೊಡೆಯುತ್ತಿದ್ದದ್ದು. ಪೂರಾ ಚೊಕ್ಕ ಊರು ಆಗ ಸಿಗುವಂತಿರಲಿಲ್ಲ.

ಮುಖ್ಯ ಫಲಿತಾಂಶ ಇದು: ವಯಸ್ಸು ಹೆಚ್ಚಿದಂತೆ ಪ್ರೌಢತೆಯ ಅಂಕ, ಟೆಸ್ಟೋಸ್ಟೆರಾನ್ ಏರಬೇಕು. ಏರಿತ್ತು. ಆದರೆ ಆಕಾಶದಿಂದ ಬಿದ್ದ ಮದ್ದಿಗೆ ಒಡ್ಡಿಕೊಂಡ ಪ್ರಮಾಣ ಹೆಚ್ಚಿದಂತೆ, ಅದೇ ವಯಸ್ಸಿನ ಹುಡುಗರಲ್ಲಿ ಆ ಅಂಕಗಳೂ ಟೆಸ್ಟೋಸ್ಟೆರಾನ್ ಕೂಡ ಇಳಿದಿದ್ದವು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕೆಲಸ ಮಾಡು ಎಂದು ಕಳಿಸುವ ಎಲ್‌ಎಚ್ ಹಾರ್ಮೋನು ಮಾತ್ರ ಏರಿತ್ತು. ಟ್ಯಾಂಕಿಗೆ ನೀರು ಏರದಿದ್ದಾಗ ಪಂಪು ಬಿಡದೆ ಓಡುತ್ತಲೇ ಇರುವ ಹಾಗೆ. ನನ್ನ ಮಟ್ಟಿಗೆ ಇಡೀ ಪ್ರಬಂಧದ ತಿರುಳು ಈ ಜೋಡಿಯಲ್ಲಿದೆ. ಹುಡುಗರು ಬಡತನದಿಂದಲೋ ಊಟ ಸಾಲದೆಯೋ ತಡವಾಗಿ ಬೆಳೆಯುತ್ತಿದ್ದರೆ ಸಾಮಾನ್ಯವಾಗಿ ಮೇಲಿನ ಆಜ್ಞೆಯೇ ಕುಗ್ಗಿರುತ್ತದೆ. ಇಲ್ಲಿ ಆಜ್ಞೆ ಜೋರಾಗಿದೆ, ಉತ್ತರ ಸಾಲದು. ತೊಂದರೆ ವೃಷಣದಲ್ಲಿದೆ ಎಂಬ ಸೂಚನೆ ಇದು.

ಹುಟ್ಟಿನಿಂದಲೇ ಬರುವ ತೊಂದರೆಗಳನ್ನೂ ಎಣಿಸಿದ್ದರು. ವೃಷಣ ಕೆಳಗಿಳಿಯದಿರುವುದು, ಹೈಡ್ರೋಸೀಲ್, ಹುಟ್ಟು ಹರ್ನಿಯಾ. ಮೂರೂ ವೃಷಣ ಇಳಿಯುವ ದಾರಿಗೆ ಸಂಬಂಧಿಸಿದವು. ಪಡ್ರೆಯಲ್ಲಿ ಶೇಕಡಾ 5.1, ಆಚೆ ಶೇಕಡಾ 1.1. ದೊಡ್ಡ ಅಂತರದಂತೆ ಕಾಣುತ್ತದೆ, ಆದರೆ ತಲೆ ಎಣಿಸಿದರೆ ಇಲ್ಲಿ ಆರು ಹುಡುಗರು, ಅಲ್ಲಿ ಒಬ್ಬ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇದು ಆಕಸ್ಮಿಕವೂ ಆಗಿರಬಹುದು. ಸಂಖ್ಯಾಶಾಸ್ತ್ರದ ಪ್ರಕಾರ ಈ ವ್ಯತ್ಯಾಸಕ್ಕೆ ಬಲವಿಲ್ಲ ಎಂದು ಲೇಖಕರೇ ಬರೆದಿದ್ದಾರೆ. ಹೋರಾಟದ ಕರಪತ್ರಗಳಲ್ಲಿ ಐದು ಪಟ್ಟು ಎಂದು ಅಚ್ಚು ಮಾಡುವಾಗ ಈ ಸಾಲು ಬಿಟ್ಟುಹೋಗುತ್ತದೆ. ಬಿಡಬಾರದು. ಪ್ರಬಂಧ ಎಷ್ಟು ಹೇಳುತ್ತದೋ ಅಷ್ಟೇ ಸಾಕಷ್ಟು ಗಂಭೀರವಾಗಿದೆ.

ಅದರ ಇನ್ನೊಂದು ಮಿತಿಯೂ ಇದೆ. ಈ ಹುಡುಗರು ತಾಯಿಯ ಹೊಟ್ಟೆಯಲ್ಲಿದ್ದಾಗಲೂ ಮದ್ದು ಬೀಳುತ್ತಿತ್ತು, ಎದೆಹಾಲು ಕುಡಿಯುವಾಗಲೂ, ಶಾಲೆಗೆ ನಡೆದು ಹೋಗುವಾಗಲೂ. ಹಾನಿಯಲ್ಲಿ ಗರ್ಭದ ಪಾಲೆಷ್ಟು, ಬಾಲ್ಯದ ಪಾಲೆಷ್ಟು ಎಂದು ಬಿಡಿಸಲು ಈ ಅಧ್ಯಯನದಿಂದ ಆಗದು. ಪ್ರಬಂಧ ಬಂದ ಮೇಲೆ ಅದೇ ಪತ್ರಿಕೆಗೆ ಟೀಕೆಯ ಪತ್ರಗಳು ಬಂದವು, ಕೀಟನಾಶಕ ಉದ್ಯಮದವರಂತೂ ಬಿಡದೆ ಎಳೆದಾಡಿದರು. ಕೆಲವು ಪ್ರಶ್ನೆಗಳು ನ್ಯಾಯವಾದವು. ಆದರೆ ಉತ್ತರ ಬೇಕಿದ್ದವರು ಮಾಡಬೇಕಾದ ಕೆಲಸ ಇನ್ನೂ ದೊಡ್ಡ ಅಧ್ಯಯನ. ಮಾಡಿದ್ದು ಇದ್ದ ಒಂದನ್ನು ಅಲ್ಲಗಳೆಯುವ ಪ್ರಯತ್ನ.

ಸ್ಪೇನಿನ ಮಾಸು, ಡೆನ್ಮಾರ್ಕಿನ ಗಾಜಿನ ಮನೆ

ಗರ್ಭದ ಪಾಲು ಎಷ್ಟೆಂಬ ಪ್ರಶ್ನೆಗೆ ಉತ್ತರ ಪಡ್ರೆಯಿಂದ ಬಹಳ ದೂರದಲ್ಲಿ ಸಿಗತೊಡಗಿತು. ದಕ್ಷಿಣ ಸ್ಪೇನಿನ ಗ್ರನಾಡಾದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಮಾಸನ್ನು ಎಸೆಯದೆ ಶೀತಲೀಕರಿಸಿ ಇಟ್ಟರು. ವೃಷಣ ಇಳಿಯದ ಅಥವಾ ಮೂತ್ರದ್ವಾರ ತುದಿಯಲ್ಲಿರದೆ ಕೆಳಬದಿಯಲ್ಲಿದ್ದ 48 ಗಂಡುಮಕ್ಕಳ ಮಾಸನ್ನು ಆರೋಗ್ಯವಂತ 114 ಮಕ್ಕಳ ಮಾಸಿನೊಂದಿಗೆ ಹೋಲಿಸಿ ನೋಡಿದರು. ತೊಂದರೆ ಇದ್ದ ಮಕ್ಕಳ ಮಾಸಿನಲ್ಲಿ ಹಳೆಯ ಕೀಟನಾಶಕಗಳ ಅಂಶ ಹೆಚ್ಚು ಸಲ ಸಿಕ್ಕಿತು. ಡಿಡಿಟಿ, ಲಿಂಡೇನ್ ಮತ್ತು ಎಂಡೋಸಲ್ಫಾನ್. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬಾಲ್ಯದ ಪ್ರಶ್ನೆಯೇ ಬರುವುದಿಲ್ಲ. ಮಾಸು ಎಂದರೆ ಗರ್ಭದ ಒಂಬತ್ತು ತಿಂಗಳ ದಾಖಲೆ.

ಮರುವರ್ಷ ಡೆನ್ಮಾರ್ಕಿನಿಂದ ಇನ್ನೊಂದು ಬಂತು. ಗಾಜಿನ ಮನೆಗಳಲ್ಲಿ ಹೂಗಿಡ, ತರಕಾರಿ ಬೆಳೆಸುವ ಕೆಲಸದ ಹೆಂಗಸರ ಗಂಡುಮಕ್ಕಳನ್ನು ಮೂರು ತಿಂಗಳಲ್ಲಿ ಪರೀಕ್ಷಿಸಿದಾಗ ಶೇಕಡಾ 6.2 ಮಕ್ಕಳಲ್ಲಿ ವೃಷಣ ಇಳಿದಿರಲಿಲ್ಲ. ಕೋಪನ್‌ಹೇಗನ್ನಿನ ಸಾಮಾನ್ಯ ಮಕ್ಕಳಲ್ಲಿ ಇದು ಶೇಕಡಾ 1.9. ಡೆನ್ಮಾರ್ಕಿನಲ್ಲಿ ನಿಯಮ ಬಿಗಿ, ಗರ್ಭಿಣಿಯರ ರಕ್ಷಣೆಗೆಂದೇ ವಿಶೇಷ ಕ್ರಮಗಳಿವೆ. ಆದರೂ ಹೀಗಾಯಿತು. ಗರ್ಭ ನಿಂತದ್ದು ತಿಳಿದು, ರಜೆ ಕೇಳಿ, ಬೇರೆ ಕೆಲಸಕ್ಕೆ ಹೋಗುವಷ್ಟರಲ್ಲಿ ಎಂಟನೆಯ ವಾರ ಬಂದಿರುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿಗೆ ನೆನಪಾಗಬೇಕು.

ಅದೇ ಕೋಪನ್‌ಹೇಗನ್ನಿನ ನೀಲ್ಸ್ ಸ್ಕಾಕೆಬೆಕ್ 2001ರಲ್ಲಿ, ಅಂದರೆ ಪಡ್ರೆಗೆ ನಮ್ಮ ವೈದ್ಯರು ಹೋದ ವರ್ಷವೇ, ಒಂದು ವಾದ ಮುಂದಿಟ್ಟಿದ್ದರು. ಇಳಿಯದ ವೃಷಣ, ಜಾಗ ತಪ್ಪಿದ ಮೂತ್ರದ್ವಾರ, ಯೌವನದಲ್ಲಿ ವೀರ್ಯಾಣು ಕೊರತೆ, ವೃಷಣದ ಕ್ಯಾನ್ಸರ್, ಇವು ನಾಲ್ಕು ಬೇರೆ ಬೇರೆ ರೋಗಗಳೆಂದು ನೋಡುವುದು ತಪ್ಪು, ಗರ್ಭದಲ್ಲೇ ವೃಷಣ ಸರಿಯಾಗಿ ಕಟ್ಟಿಕೊಳ್ಳದಿರುವುದರ ನಾಲ್ಕು ಮುಖಗಳವು ಎಂದು. ಎಲ್ಲರೂ ಒಪ್ಪಿಲ್ಲ. ಆದರೆ ಹೊಟ್ಟೆಯಲ್ಲಿದ್ದಾಗ ಆದ ಗಾಯ ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಕ್ಕಳಾಗದ ದಂಪತಿಯ ರೂಪದಲ್ಲಿ ಡಾಕ್ಟರ ಮುಂದೆ ಬಂದು ಕೂರಬಹುದೆಂಬ ಯೋಚನೆ ವೈದ್ಯಲೋಕಕ್ಕೆ ಹಬ್ಬಿದ್ದು ಇಲ್ಲಿಂದ. ಇದಕ್ಕೂ ಮುಂಚೆ ಇಂಥದ್ದನ್ನು ತೋರಿಸಿಕೊಟ್ಟದ್ದು ಡಿಇಎಸ್ ಎಂಬ ಔಷಧ. 1938ರಲ್ಲಿ ತಯಾರಾಗಿ, ಗರ್ಭಪಾತ ತಡೆಯುತ್ತದೆಂದು ಅಮೆರಿಕದ ವೈದ್ಯರು ದಶಕಗಳ ಕಾಲ ಬಸುರಿಯರಿಗೆ ಬರೆದುಕೊಟ್ಟ ಕೃತಕ ಹೆಣ್ಣು ಹಾರ್ಮೋನು. 1971ರಲ್ಲಿ ಅದನ್ನು ತೆಗೆದುಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡಿತು. ಗಂಡುಮಕ್ಕಳಲ್ಲೂ ಇಳಿಯದ ವೃಷಣದಂಥ ತೊಂದರೆಗಳು ಕಂಡವು. ಗಂಡುಮಕ್ಕಳ ಕಥೆಗೆ ಅಲ್ಲೂ ಅಷ್ಟು ಪ್ರಚಾರ ಸಿಗಲಿಲ್ಲ.

ಪಟ್ಟಿಯಲ್ಲಿ ಜಾಗ ಸಿಗದ ಹಾನಿ

ಪ್ರಬಂಧದ ಸಾರಾಂಶದ ಕೊನೆಯ ಮಾತು ತಮ್ಮ ಅಧ್ಯಯನಕ್ಕೆ ಎರಡು ಮಿತಿಗಳಿವೆ ಎನ್ನುತ್ತದೆ. ಒಂದು, ಸಂಖ್ಯೆ ಸಣ್ಣದು. ಇನ್ನೊಂದು, ಕೆಲವರು ಭಾಗವಹಿಸಲಿಲ್ಲ. ವಿಜ್ಞಾನದ ಒಣ ಭಾಷೆಯಲ್ಲಿ ಹೇಳಿದ ಈ ಎರಡನೆಯದರ ಹಿಂದೆ ಏನಿರಬಹುದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹದಿನಾಲ್ಕು ವರ್ಷದ ಹುಡುಗ ಊರಿನ ಶಾಲೆಯಲ್ಲಿ, ಬೇರೆ ಊರಿಂದ ಬಂದ ಡಾಕ್ಟರ ಮುಂದೆ ಚಡ್ಡಿ ಬಿಚ್ಚಬೇಕು. ಹೊರಗೆ ಕ್ಲಾಸಿನ ಹುಡುಗರೆಲ್ಲ ನಿಂತಿದ್ದಾರೆ. ಬೇಡ ಎಂದವನನ್ನು ಯಾರು ತಪ್ಪು ಎನ್ನಬಲ್ಲರು? ಹಾಗೆಯೇ, ಮೈಯಲ್ಲಿ ಏನೋ ಸರಿಯಿಲ್ಲವೆಂದು ಒಳಗೊಳಗೇ ಅನುಮಾನ ಇದ್ದವನೇ ಮೊದಲು ಹಿಂದೆ ಸರಿದಿರುವ ಸಾಧ್ಯತೆಯೂ ಇದೆ. ಹಾಗಿದ್ದರೆ ಲೆಕ್ಕಕ್ಕೆ ಸಿಕ್ಕಿದ್ದು ನಿಜಕ್ಕಿಂತ ಕಡಿಮೆ.

ನಾಚಿಕೆ ಅಧ್ಯಯನದಲ್ಲಿ ನಿಲ್ಲಲಿಲ್ಲ, ಪರಿಹಾರದವರೆಗೂ ಬಂತು. ಎಂಡೋಸಲ್ಫಾನ್ ಪೀಡಿತರೆಂದು ಕೇರಳ ಸರ್ಕಾರ ಗುರುತಿಸಿದ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲಿ ಪೂರ್ತಿ ಹಾಸಿಗೆ ಹಿಡಿದವರು, ಬುದ್ಧಿಮಾಂದ್ಯರು, ಅಂಗವಿಕಲರು, ಕ್ಯಾನ್ಸರ್ ರೋಗಿಗಳು, ಇತರರು ಎಂದು ವಿಭಾಗ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದಿತು. ಅಷ್ಟಾದ ಮೇಲೂ 2022ರಲ್ಲಿ ಮತ್ತೆ ಅದೇ ಕೋರ್ಟು ಸರ್ಕಾರವನ್ನು ಬೈಯಬೇಕಾಯಿತು. ಹಾಸಿಗೆ ಹಿಡಿದ ಮಗುವಿನ ತಾಯಿಯೇ ಇಷ್ಟು ಅಲೆಯಬೇಕಾದಲ್ಲಿ, ತನಗೆ ಮೀಸೆ ತಡವಾಗಿ ಬಂತು, ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಿಲ್ಲ ಎಂದು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವ ಗಂಡಸು ಎಲ್ಲಿ ಸಿಗುತ್ತಾನೆ? ಮಕ್ಕಳಾಗದಿದ್ದರೆ ಮೊದಲು ಡಾಕ್ಟರ ಬಳಿಗೆ ಹೋಗುವವಳು ಹೆಂಡತಿ. ಇದನ್ನು ಅತ್ತಾವರದ ಯಾವ ಸ್ತ್ರೀರೋಗ ತಜ್ಞರನ್ನು ಕೇಳಿದರೂ ಹೇಳುತ್ತಾರೆ.

ಕಥೆ ಕೇರಳದ ಕಡೆಗೆ ಮಾತ್ರ ಸೇರಿದ್ದೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಹೆಲಿಕಾಪ್ಟರ್ ಹಾರಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ, ಆಚೆ ಆಲಂಕಾರು, ಕೊಯಿಲದ ಮನೆಗಳಲ್ಲಿ ಅದರ ಫಲ ಇವತ್ತಿಗೂ ಇದೆ. ಪೀಡಿತರಿಗಾಗಿ ಕೊಕ್ಕಡದಲ್ಲಿ, ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಶುರುವಾದವು, ಮಾಸಾಶನ ಬಂತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಜಗತ್ತಿನಿಂದಲೇ ತೆಗೆಯಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಕೊನೆಯವರೆಗೂ ತಕರಾರು ಎತ್ತಿದ ದೇಶ ಯಾವುದೆಂದರೆ ನಮ್ಮದೇ. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆ ಎಲ್ಲಕ್ಕೂ ತಡೆ ಹಾಕಿತು. ಆ ಜಗಳದಲ್ಲಿ ಪದೇ ಪದೇ ಎದುರಾದ ವೈಜ್ಞಾನಿಕ ದಾಖಲೆಗಳಲ್ಲಿ ಪಡ್ರೆಯ ಹುಡುಗರ ಪ್ರಬಂಧವೂ ಒಂದು.

2001ರಲ್ಲಿ ರಕ್ತ ಕೊಟ್ಟ ಆ ಹುಡುಗರಿಗೆ ಈಗ ಮೂವತ್ತು ದಾಟಿ ನಲವತ್ತರ ಆಸುಪಾಸು. ಹಿರಿಯವರಿಗೆ ಮಕ್ಕಳಿದ್ದರೆ ಆ ಮಕ್ಕಳು ಹೈಸ್ಕೂಲಿಗೆ ಬಂದಿರಬೇಕು. ತಡವಾಗಿ ಶುರುವಾದ ಪ್ರೌಢತೆ ಕೊನೆಗೆ ಸರಿಹೋಯಿತೇ, ಟೆಸ್ಟೋಸ್ಟೆರಾನ್ ಏರಿತೇ, ಎಲ್‌ಎಚ್ ಇಳಿಯಿತೇ, ವೀರ್ಯಾಣು ಎಷ್ಟಿದೆ? ಇವನ್ನು ತಿಳಿಯಲು ಬೇಕಾದದ್ದು ಒಂದು ರಕ್ತ ಪರೀಕ್ಷೆ, ಒಂದು ವೀರ್ಯ ಪರೀಕ್ಷೆ, ಮತ್ತು ಗುಟ್ಟು ಕಾಪಾಡುವ ಒಬ್ಬ ಡಾಕ್ಟರು. ಮೂರೂ ಮಂಗಳೂರಿನಲ್ಲಿ ಸಿಗುತ್ತವೆ.

ಈಗಿನ ಬಸುರಿಯರಿಗೆ

ಎಂಡೋಸಲ್ಫಾನ್ ಹೋಯಿತು, ಹಾರ್ಮೋನು ಕೆಡಿಸುವ ಬೇರೆ ರಾಸಾಯನಿಕಗಳು ಹೋಗಲಿಲ್ಲ. ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳನ್ನು ನಂಬಿದರೆ ಬಸುರಿ ಹೆಂಗಸು ನೀರನ್ನೂ ಕುಡಿಯುವಂತಿಲ್ಲ. ಎಲ್ಲ ಪ್ಲಾಸ್ಟಿಕ್ಕಿನಲ್ಲೂ ಥಾಲೇಟ್ ಇರುವುದಿಲ್ಲ. ಅದು ಮುಖ್ಯವಾಗಿ ಮೆದು ಪಿವಿಸಿಯಲ್ಲಿ ಮತ್ತು ಸುವಾಸನೆ ಬೆರೆಸಿದ ಕೆಲವು ಕ್ರೀಮು, ಸ್ಪ್ರೇಗಳಲ್ಲಿ. 2005ರಲ್ಲಿ ಅಮೆರಿಕದ ಶಾನಾ ಸ್ವಾನ್ 85 ಗಂಡುಮಕ್ಕಳನ್ನು ಅಳೆದು, ಬಸುರಿಯಾಗಿದ್ದಾಗ ತಾಯಿಯ ಮೂತ್ರದಲ್ಲಿ ಥಾಲೇಟ್ ಹೆಚ್ಚಿದ್ದಷ್ಟೂ ಮಗುವಿನ ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ ಕಡಿಮೆ ಇದ್ದುದನ್ನು ತೋರಿಸಿದರು. ಗರ್ಭದಲ್ಲಿ ಗಂಡು ಹಾರ್ಮೋನ್ ಎಷ್ಟು ಕೆಲಸ ಮಾಡಿದೆ ಎಂಬುದನ್ನು ಆ ಅಂತರ ಹೇಳುತ್ತದೆ. ಆಸ್ಪತ್ರೆಯೂ ಹೊರತಲ್ಲ. ರಕ್ತದ ಚೀಲ, ಡ್ರಿಪ್ಪಿನ ಕೊಳವೆಗಳನ್ನು ಮೆದುಗೊಳಿಸಲು ಬಳಸುವ ಡಿಇಎಚ್‌ಪಿ ಎಂಬ ಥಾಲೇಟಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2002ರಲ್ಲೇ ಎಚ್ಚರಿಸಿ, ಗಂಡು ಶಿಶುಗಳಿಗೂ ಬಸುರಿಯರಿಗೂ ಸಾಧ್ಯವಿದ್ದಲ್ಲಿ ಬೇರೆ ಸಾಮಗ್ರಿ ಬಳಸಿ ಎಂದಿದ್ದರು. ಚಿಕಿತ್ಸೆ ಮಾತ್ರ ನಿಲ್ಲಿಸಬೇಡಿ ಎಂದೂ ಹೇಳಿದ್ದರು. ಪ್ಯಾರಾಸಿಟಮಾಲಿನದೂ ಅದೇ ಕಥೆ. ಬಸುರಿಯರು ಅನಗತ್ಯವಾಗಿ ನುಂಗಬೇಡಿ ಎಂದು 2021ರಲ್ಲಿ ಕೆಲವು ವಿಜ್ಞಾನಿಗಳು ಕೇಳಿಕೊಂಡರು, ಇಷ್ಟು ಹೆದರಿಸುವಷ್ಟು ಪುರಾವೆ ಇಲ್ಲ ಎಂದು ಬೇರೆಯವರು ಹೇಳಿದರು. ಜ್ವರ ಬಿಡದಿದ್ದರೆ ಅದರಿಂದಲೇ ಮಗುವಿಗೆ ಅಪಾಯ, ಆದ್ದರಿಂದ ಡಾಕ್ಟರು ಹೇಳಿದಷ್ಟು ತೆಗೆದುಕೊಳ್ಳಿ, ತಲೆನೋವಿಗೆಲ್ಲ ಅಂಗಡಿಯಿಂದ ತಂದು ನುಂಗಬೇಡಿ.

ಹಳ್ಳಿಯ ತೋಟದ ಮನೆಗಳಲ್ಲಿ ಇದಕ್ಕಿಂತ ಸೀದಾ ಕೆಲವು ಕೆಲಸಗಳಿವೆ. ತರಕಾರಿಗೆ, ಭತ್ತಕ್ಕೆ ಮದ್ದು ಬೆರೆಸುವ ಬಕೆಟ್ಟು ಬಚ್ಚಲಿಗೆ ಬರಬಾರದು. ಮದ್ದು ಬಿಟ್ಟು ಬಂದವನ ಬಟ್ಟೆಯನ್ನು ಬಸುರಿ ಹೆಂಡತಿ ಕೈಯಿಂದ ಒಗೆಯಬಾರದು. ಮದುವೆಯಾಗಿ ಮಗು ಬೇಕೆಂದುಕೊಂಡ ದಿನದಿಂದಲೇ ಹೀಗೆ, ಏಕೆಂದರೆ ತಾಯಿ ಕಾರ್ಡ್ ಕೈಗೆ ಬರುವವರೆಗೆ ಕಾದರೆ ತಡವಾಗುತ್ತದೆ.

ಮಗು ಹುಟ್ಟಿದ ಮೇಲೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಬೆಚ್ಚಗಿನ ಕೈಯಿಂದ ಮುಟ್ಟಿ ಎರಡೂ ವೃಷಣಗಳು ಚೀಲದಲ್ಲಿವೆಯೇ ಎಂದು ನೋಡುವುದು. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಕ್ಕಳಲ್ಲಿ ಒಂದಾದರೂ ಇಳಿದಿರುವುದಿಲ್ಲ, ಅವಧಿಗೆ ಮುನ್ನ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಬಹಳಷ್ಟು ಮಕ್ಕಳಲ್ಲಿ ಮೊದಲ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಇನ್ನು ಇಳಿಯುವ ಸಂಭವ ಕಡಿಮೆ. ಆರರಿಂದ ಹದಿನೆಂಟು ತಿಂಗಳ ನಡುವೆ ಶಸ್ತ್ರಚಿಕಿತ್ಸೆ ಮಾಡಿ ಕೆಳಗಿಳಿಸಬೇಕು. ತಡವಾದಷ್ಟೂ ಮುಂದೆ ಮಕ್ಕಳಾಗುವ ಶಕ್ತಿ ಕುಗ್ಗುತ್ತದೆ, ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ದೊಡ್ಡವನಾದಾಗ ಸರಿಹೋಗುತ್ತದೆ ಎಂದು ಅಜ್ಜಿಯರು ಹೇಳುವುದನ್ನು ಇಲ್ಲಿ ಮಾತ್ರ ಕೇಳಬಾರದು. ಹಾಗೆಯೇ ಹದಿನಾಲ್ಕು ತುಂಬಿದರೂ ವೃಷಣ ಬೆಳೆಯಲು ಶುರುವಾಗದ ಹುಡುಗನನ್ನು ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಹೆಚ್ಚಿನವರಲ್ಲಿ ಅದು ಮನೆತನದಲ್ಲೇ ಬಂದ ನಿಧಾನ ಅಷ್ಟೇ ಆಗಿರುತ್ತದೆ, ಆದರೆ ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ನೋಡದೆ ಹಾಗೆಂದು ಹೇಳುವಂತಿಲ್ಲ.

2013ರಿಂದ ದೇಶದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಹುಟ್ಟಿದ ಮಗುವಿನಲ್ಲಿ ಹುಡುಕಬೇಕಾದ ಒಂಬತ್ತು ಜನ್ಮದೋಷಗಳ ಪಟ್ಟಿ ಅದರಲ್ಲಿದೆ: ಬೆನ್ನುಹುರಿಯ ದೋಷ, ಡೌನ್ ಸಿಂಡ್ರೋಮ್, ಸೀಳು ತುಟಿ, ಸೊಟ್ಟಪಾದ, ಸೊಂಟದ ಕೀಲಿನ ದೋಷ, ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ, ಅವಧಿಗೆ ಮುನ್ನ ಹುಟ್ಟಿದವರ ಅಕ್ಷಿಪಟಲದ ತೊಂದರೆ. ಹದಿಹರೆಯದವರ ಭಾಗದಲ್ಲಿ ಹುಡುಗಿಯರ ಮುಟ್ಟು ತಡವಾಗುವುದರ ಬಗ್ಗೆ ಪ್ರಶ್ನೆ ಇದೆ. ಇಳಿಯದ ವೃಷಣಕ್ಕೆ ಆ ಒಂಬತ್ತರಲ್ಲಿ ಸಾಲಿಲ್ಲ, ಹುಡುಗರ ಪ್ರೌಢತೆ ತಡವಾಗುವುದಕ್ಕೂ ಪ್ರತ್ಯೇಕ ಸಾಲಿಲ್ಲ. ಎಣ್ಮಕಜೆ, ಕೊಕ್ಕಡದಂಥ ಪಂಚಾಯತುಗಳಲ್ಲಾದರೂ ಹತ್ತನೆಯ ಸಾಲು ಸೇರಿಸಲು ದಿಲ್ಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಅಂಗನವಾಡಿಗೆ ಬರುವ ಆರೋಗ್ಯ ತಂಡದಲ್ಲಿ ವೈದ್ಯರಿರುತ್ತಾರೆ, ಮಗುವನ್ನು ಮಲಗಿಸಿ ನೋಡಲು ಎರಡು ನಿಮಿಷ ಬೇಕು.